ಸುಕ್ರಜ್ಜಿ ಹಾಡಿದ್ದು ಯಾರಿಗೆ?

"ಬೇರೆ ದೇಶದ ಮೂಲನಿವಾಸಿಗಳು ರ್‍ಯಾಪ್ ಹಾಡಿ ತಮ್ಮ ಕಷ್ಟ ಹೇಳ್ಕೋತಾರೆ, ನಮ್ಮಲ್ಲಿ ಅಂಥವರು ಯಾರಿದ್ದಾರೆ?" ಅಂತ ಆಫೀಸಿನಲ್ಲಿ ಗೆಳೆಯನೊಬ್ಬ ಕೇಳಿದ. ಅವನ ಕಿವಿಯಲ್ಲಿ ಆಸ್ಟ್ರೇಲಿಯಾದ ಬೇಕರ್ ಬಾಯ್ ಹಾಡು. ತನ್ನ ಜನರ ನುಡಿಯಲ್ಲೇ ರ್‍ಯಾಪ್ ಮಾಡೋ ಈ ಹುಡುಗನಿಗೆ 2019ರಲ್ಲಿ ಅಲ್ಲಿನ ವರ್ಷದ ಯುವ ಸಾಧಕ ಗೌರವ ಸಿಕ್ಕಿತು. ನಾನು ಹೇಳಿದ ಹೆಸರು ಸುಕ್ರಿ ಬೊಮ್ಮಗೌಡ. ಗೆಳೆಯ ನಕ್ಕ :) ಆದರೆ ಯೋಚಿಸಿ ನೋಡಿ.

ಅಂಕೋಲಾ ತಾಲೂಕಿನ ಬಡಗೇರಿಯ ಹಾಲಕ್ಕಿ ಒಕ್ಕಲಿಗರ ಮಗಳು ಸುಕ್ರಜ್ಜಿ. ಓದು ಬರಹ ಬಾರದು. ಚಿಕ್ಕ ವಯಸ್ಸಿಗೇ ಮದುವೆ. ಗಂಡ ಕುಡಿದು ಕುಡಿದೇ ಸತ್ತ. ಸಾಕಿದ ಮಗನನ್ನೂ ಕುಡಿತವೇ ನುಂಗಿತು. ಉಳಿದದ್ದು ಹಾಡು. ತಾಯಿಯಿಂದ, ಊರ ಹೆಂಗಸರಿಂದ ಕಲಿತ ಸಾವಿರಾರು ಹಾಡುಗಳು ಅವರ ನೆನಪಿನಲ್ಲಿದ್ದವು. ಸಾರಾಯಿ ವಿರುದ್ಧ ಹೆಂಗಸರು ಬೀದಿಗಿಳಿದಾಗ ಸುಕ್ರಜ್ಜಿ ಮುಂದೆ ನಿಂತರು. ಮನೆಯ ದುಃಖ ಊರಿನ ಮಾತಾಯಿತು. ರ್‍ಯಾಪ್ ಮಾಡೋದೂ ಇದನ್ನೇ ಅಲ್ಲವೇ?

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಅದಕ್ಕೆ ರಾಜ್ಯದ ಎಷ್ಟೋ ಊರುಗಳ ಹೆಂಗಸರ ಕೂಗು ಕಾರಣ. ಆದರೆ ಅಂಗಡಿಯ ಅಗ್ಗದ ಮದ್ಯ ಹಾಗೇ ಉಳಿಯಿತು. ಅಜ್ಜಿಯ ಮಾತೂ ನಿಲ್ಲಲಿಲ್ಲ.

2017ರಲ್ಲಿ ಪದ್ಮಶ್ರೀ ಬಂತು. ಕೊರಳ ತುಂಬ ಮಣಿಸರ, ಹಾಲಕ್ಕಿ ಹೆಂಗಸರು ಉಡೋ ಹಾಗೇ ಸೀರೆ, ಅದೇ ವೇಷದಲ್ಲಿ ರಾಷ್ಟ್ರಪತಿ ಭವನಕ್ಕೆ ಹೋದರು. ಪ್ರಶಸ್ತಿ ಬಂದ ಮೇಲೂ ಕೇಳಿದ್ದು ಒಂದೇ, ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಅಂತ. 2025ರ ಫೆಬ್ರವರಿ 13ರಂದು ಅಜ್ಜಿ ತೀರಿಕೊಂಡರು. ಬೇಡಿಕೆ ಈಡೇರಿದ್ದನ್ನು ಅವರು ನೋಡಲೇ ಇಲ್ಲ.

ಕರಾವಳಿಯ ಈ ಕಥೆ ಶಿರಾ ತಾಲೂಕಿನ ತಾವರೆಕೆರೆಯವನಾದ ನನ್ನನ್ನು ಯಾಕೆ ಕಾಡಬೇಕು ಅಂತೀರಾ? ನಮ್ಮ ಸುತ್ತ ಕಾಡುಗೊಲ್ಲರ ಹಟ್ಟಿಗಳಿವೆ. ಗಣೆ ಊದಿ ಜುಂಜಪ್ಪನ ಕಥೆ ಹಾಡುವ ಜನ ಅವರು. ಅದೇ ಜನರ, ಪಕ್ಕದ ಚಳ್ಳಕೆರೆ ಸೀಮೆಯ ಸಿರಿಯಜ್ಜಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಟ್ಟು ಗೌರವಿಸಿತು. ಕಾಡುಗೊಲ್ಲರೂ ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಅಂತ ವರ್ಷಗಳಿಂದ ಕೇಳುತ್ತಲೇ ಇದ್ದಾರೆ.

ಅಂದರೆ ಎರಡೂ ಕಡೆ ನಾವು ಮಾಡಿದ್ದು ಒಂದೇ. ಹಾಡನ್ನು ಟೇಪಿಗೆ ಹಾಕಿಕೊಂಡೆವು, ಪುಸ್ತಕ ಮಾಡಿದೆವು, ಶಾಲು ಹೊದೆಸಿದೆವು. ಹಾಡಿದವರು ಹಾಡು ಮುಗಿಸಿ ಏನು ಕೇಳಿದರು ಅನ್ನೋದನ್ನು ಮಾತ್ರ ಬರೆದುಕೊಳ್ಳಲಿಲ್ಲ. ಜಾನಪದ ಅಂತ ಹೆಸರಿಟ್ಟ ಕೂಡಲೇ ಅದು ಹಳೇದು, ಚೆಂದದ್ದು, ಯಾರಿಗೂ ತೊಂದರೆ ಕೊಡದ್ದು ಆಗಿಬಿಡುತ್ತೆ. ಸುಕ್ರಜ್ಜಿ ಹಾಡಿದ್ದು ಮ್ಯೂಸಿಯಮ್ಮಿಗೆ ಖಂಡಿತ ಅಲ್ಲ.

ನಿಮ್ಮೂರಲ್ಲೂ ಇಂಥ ಅಜ್ಜಿಯರಿದ್ದರೆ ಒಮ್ಮೆ ಹೋಗಿ ಕೂತು ಕೇಳಿ. ಹಾಡು ಮುಗಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇರಿ.