ಶರಬತ್ತಿನ ಬಳ್ಳಿ ಸಾಬರಮತಿಗೆ ಬಂದ ಕಥೆ

ಊರಿನಿಂದ ಒಂದು ಗಿಡವನ್ನಾದರೂ ತಂದು ನೆಡದ ಮನೆ ನಮ್ಮ ಸಂಘದ ಕುಟುಂಬಗಳಲ್ಲಿ ಇಲ್ಲವೆಂದೇ ಹೇಳಬಹುದು. ಮಣಿನಗರದ ಗ್ಯಾಲರಿಯಲ್ಲಿ ದೊಡ್ಡಪತ್ರೆ, ವಡೋದರೆಯ ಅಂಗಳದಲ್ಲಿ ಉಡುಪಿಯ ಮಲ್ಲಿಗೆ, ಸೂರತ್ತಿನ ಹಿತ್ತಿಲಲ್ಲಿ ಬಸಳೆ, ಹೀಗೆ ಒಬ್ಬೊಬ್ಬರದು ಒಂದೊಂದು ಆಸೆ. ಕೆಸುವಿಗೆ ಮಾತ್ರ ನಾವು ಊರಿಗೆ ಹೋಗಬೇಕಾಗಿಲ್ಲ. ನಮ್ಮ ಪತ್ರೊಡೆಯ ತಂಗಿಯಾದ ‘ಪಾತ್ರಾ’ ಇಲ್ಲಿಯವರಿಗೂ ಪ್ರಿಯವಾದುದರಿಂದ ಅದರ ಎಲೆ ಪೇಟೆಯಲ್ಲಿಯೇ ದೊರೆಯುತ್ತದೆ. ನಾನು ತಂದದ್ದು ಒಂದು ಬಳ್ಳಿ. ಕಾರ್ಕಳದ ಕಡೆ ನಮ್ಮ ಮನೆಯ ಬಾವಿಕಟ್ಟೆಯ ಚಪ್ಪರಕ್ಕೆ ಹಬ್ಬಿದ್ದ ಶರಬತ್ತಿನ ಹಣ್ಣಿನ ಬಳ್ಳಿ. ಅದು ಇಲ್ಲಿ ಹಣ್ಣು ಕೊಡಲು ಏಕೆ ತಡಮಾಡಿತು, ಕೊನೆಗೆ ಹೇಗೆ ಕೊಟ್ಟಿತು ಎಂಬುದನ್ನು ಅರಿಯಹೊರಟಾಗ ಅದರ ಹಿಂದೆ ನಾನೂರು ವರ್ಷಗಳ ಚರಿತ್ರೆಯೇ ಇರುವುದು ತಿಳಿಯಿತು. ಅದನ್ನು ಸಂಘದ ಬಂಧುಗಳೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಮೊದಲು ಹೆಸರಿನ ವಿಚಾರ. ಇಂಗ್ಲಿಷಿನಲ್ಲಿ ಇದು ಪ್ಯಾಶನ್ ಫ್ರೂಟ್. ನಮ್ಮವರ ಬಾಯಲ್ಲಿ ಅದು ‘ಫ್ಯಾಶನ್ ಹಣ್ಣು’ ಆಗಿರುವುದುಂಟು. ಆದರೆ ಇಲ್ಲಿ ಫ್ಯಾಶನ್ನೂ ಇಲ್ಲ, ಪ್ರೇಮವೂ ಇಲ್ಲ. ಪ್ಯಾಶನ್ ಎಂದರೆ ಯಾತನೆ, ಏಸುಕ್ರಿಸ್ತನು ಶಿಲುಬೆಯ ಮೇಲೆ ಪಟ್ಟ ಯಾತನೆ. ಈ ಬಳ್ಳಿಯ ತವರು ದಕ್ಷಿಣ ಅಮೆರಿಕ. 16ನೆಯ ಶತಮಾನದಲ್ಲಿ ಅಲ್ಲಿಗೆ ಹೋದ ಸ್ಪೇನ್ ದೇಶದ ಪಾದ್ರಿಗಳು ಇದರ ಹೂವನ್ನು ಕಂಡು ಬೆರಗಾದರು. ಹೂವಿನ ನಡುವೆ ಕಿರೀಟದಂತೆ ನಿಂತ ಎಳೆಗಳಲ್ಲಿ ಮುಳ್ಳಿನ ಕಿರೀಟವನ್ನೂ, ಐದು ಪರಾಗಕೋಶಗಳಲ್ಲಿ ಐದು ಗಾಯಗಳನ್ನೂ, ಮೂರು ಶಲಾಕೆಗಳಲ್ಲಿ ಮೂರು ಮೊಳೆಗಳನ್ನೂ ಅವರು ಕಂಡರು. 1610ರಲ್ಲಿ ಜಾಕೊಮೊ ಬೋಸಿಯೊ ಎಂಬಾತನು ಶಿಲುಬೆಯನ್ನು ಕುರಿತ ತನ್ನ ಗ್ರಂಥದಲ್ಲಿ ಈ ಹೂವನ್ನು ವರ್ಣಿಸಿದಾಗ ಯುರೋಪಿನಲ್ಲೆಲ್ಲ ಅದರ ಮಾತೇ ಮಾತಾಯಿತು. 1753ರಲ್ಲಿ ಲಿನೇಯಸನು ಆ ಭಾವನೆಯನ್ನೇ ಲ್ಯಾಟಿನ್ನಿಗೆ ತಿರುಗಿಸಿ ‘ಪ್ಯಾಸಿಫ್ಲೋರ’ ಎಂದು ಕುಲನಾಮವಿಟ್ಟನು. ನಾವು ತಿನ್ನುವ ಹಣ್ಣಿನ ಜಾತಿಗೆ ‘ಪ್ಯಾಸಿಫ್ಲೋರ ಎಡುಲಿಸ್’ ಎಂಬ ಹೆಸರು ಬಂದುದು 1818ರಲ್ಲಿ.

ಈ ಕುಲದ ಹೂಗಳು ಸಮುದ್ರ ದಾಟಿ ನಮ್ಮ ದೇಶಕ್ಕೆ ಬಂದಾಗ ನಮ್ಮವರು ಸುಮ್ಮನಿರಲಿಲ್ಲ. ಅದೇ ಹೂವನ್ನು ನೋಡಿದರು, ಅದೇ ಎಳೆಗಳನ್ನು ಎಣಿಸಿದರು, ಬೇರೊಂದು ಕಥೆಯನ್ನು ಓದಿದರು. ನಾನು ಅಹಮದಾಬಾದಿಗೆ ಬಂದ ಹೊಸತರಲ್ಲಿ ನೆರೆಮನೆಯ ಬಾ ಒಬ್ಬರು ತಮ್ಮ ಗೇಟಿನ ಮೇಲೆ ಹಬ್ಬಿದ್ದ ಕೃಷ್ಣಕಮಲವನ್ನು ತೋರಿಸಿ, “ನೋಡು ಭಾಯಿ, ಸುತ್ತಲೂ ನೂರು ಮಂದಿ ಕೌರವರು, ಒಳಗೆ ಐದು ಮಂದಿ ಪಾಂಡವರು, ನಡುವೆ ನಮ್ಮ ದ್ವಾರಕಾಧೀಶ” ಎಂದರು. ನಮ್ಮ ಊರಿನ ಅಜ್ಜಿಯೂ ಹೆಚ್ಚುಕಡಮೆ ಇದೇ ಮಾತನ್ನು ಹೇಳುತ್ತಿದ್ದಳು. ಗುಜರಾತಿಗೂ ಕನ್ನಡನಾಡಿಗೂ ಒಂದೇ ಮಹಾಭಾರತವೆಂಬುದನ್ನು ಪರದೇಶದ ಒಂದು ಹೂವಿನಿಂದ ನಾನು ಕಲಿತೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಅಂದಕ್ಕಾಗಿ ಬೆಳೆಸುವ ನೇರಿಳೆ ಬಣ್ಣದ ಕೃಷ್ಣಕಮಲ ಬೇರೆ, ಶರಬತ್ತಿನ ಹಣ್ಣಿನ ಬಳ್ಳಿ ಬೇರೆ. ಎರಡೂ ಒಂದೇ ಕುಲದವು. ಆದರೆ ಮೊದಲನೆಯದನ್ನು ನೆಟ್ಟು ಎರಡನೆಯದರ ಹಣ್ಣಿಗೆ ಕಾಯುವುದು ವ್ಯರ್ಥ. ನಮ್ಮ ಹಳ್ಳಿಯ ಬೇಲಿಗಳಲ್ಲಿ ತಾನಾಗಿ ಹಬ್ಬಿ, ಬಲೆಯಂಥ ಹೊದಿಕೆಯೊಳಗೆ ಪುಟ್ಟ ಹಣ್ಣು ಬಿಡುವ ಕುಕ್ಕಿಬಳ್ಳಿಯೂ ಇದೇ ಮನೆತನಕ್ಕೆ ಸೇರಿದುದು.

ತಿನ್ನುವ ಹಣ್ಣಿನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಕಡುನೇರಿಳೆ ಬಣ್ಣದ ಸಣ್ಣ ಹಣ್ಣು. ತೂಕ 35ರಿಂದ 45 ಗ್ರಾಂ, ಸುವಾಸನೆ ಹೆಚ್ಚು, ತಂಪು ಬೆಟ್ಟಗಳೆಂದರೆ ಅದಕ್ಕೆ ಪ್ರೀತಿ. ಕೊಡಗು, ನೀಲಗಿರಿ, ವಯನಾಡುಗಳ ಕಾಫಿ ಸೀಮೆಯಲ್ಲಿ ನೆಲೆಗೊಂಡದ್ದು ಇದೇ. ಕೊಡಗಿಗೆ ಹೋಗಿ ಬಂದವರು ತರುವ ಸ್ಕ್ವಾಷ್ ಬಾಟಲಿಯನ್ನು ಕಾಣದವರು ನಮ್ಮಲ್ಲಿ ವಿರಳ. ಇನ್ನೊಂದು ಹಳದಿ ಹಣ್ಣು. ಗಾತ್ರ ದೊಡ್ಡದು, ಹುಳಿ ಹೆಚ್ಚು, ಬಯಲುಸೀಮೆಯ ಮತ್ತು ಕರಾವಳಿಯ ಸೆಕೆಯನ್ನು ತಾಳಬಲ್ಲುದು. ನಮ್ಮ ಬಾವಿಕಟ್ಟೆಯದು ಈ ಹಳದಿ ಜಾತಿ. ಬೇಸಗೆಯಲ್ಲಿ ನೆಂಟರು ಬಂದರೆ ಅಮ್ಮ ಒಂದು ಹಣ್ಣನ್ನು ಒಡೆದು, ತಿರುಳನ್ನು ಸೌಟಿನಿಂದ ಜಾಲರಿಯ ಮೇಲೆ ಉಜ್ಜಿ, ಬೆಲ್ಲವನ್ನೂ ಒಂದು ಚಿಟಿಕೆ ಏಲಕ್ಕಿಯನ್ನೂ ಹಾಕಿ ನಾಲ್ಕು ಲೋಟ ಶರಬತ್ತು ಮಾಡುತ್ತಿದ್ದಳು.

ನಮ್ಮ ವಡೋದರೆಯ ಸದಸ್ಯರು ಹೆಮ್ಮೆಪಡಬೇಕಾದ ಒಂದು ಸಂಗತಿಯನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಗಿಡಗಳ ವಿಷಯದಲ್ಲಿ ಗುಜರಾತಿಗೂ ಕನ್ನಡನಾಡಿಗೂ ಹಳೆಯ ನಂಟುಂಟು. ಜರ್ಮನಿಯಲ್ಲಿ 1865ರಲ್ಲಿ ಹುಟ್ಟಿ ಲಂಡನ್ನಿನ ಕ್ಯೂ ತೋಟದಲ್ಲಿ ಕೆಲಸಮಾಡಿದ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಎಂಬ ತೋಟಗಾರಿಕೆಯ ಪಂಡಿತರು 1893ರಲ್ಲಿ ಭಾರತಕ್ಕೆ ಬಂದದ್ದು ವಡೋದರೆಯ ಗಾಯಕವಾಡ ಸಂಸ್ಥಾನದ ಉದ್ಯಾನಗಳನ್ನು ನೋಡಿಕೊಳ್ಳಲು. ಅವರ ಕೆಲಸದ ಖ್ಯಾತಿ ಮೈಸೂರಿಗೆ ಮುಟ್ಟಿತು. 1908ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅವರು ಬೆಂಗಳೂರಿನ ಲಾಲ್‌ಬಾಗಿಗೆ ಬಂದರು. ಜಗತ್ತಿನ ನಾನಾ ತೋಟಗಳೊಡನೆ ಬೀಜ ಸಸಿಗಳ ಕೊಡುಕೊಳ್ಳುವಿಕೆ ನಡೆಸಿದರು. ಒಂದಾದಮೇಲೊಂದು ಹೂಬಿಡುವ ಸಾಲುಮರಗಳನ್ನು ಬೆಂಗಳೂರಿಗೆ ಕೊಟ್ಟರು. 1932ರಲ್ಲಿ ಅವರು ನಿವೃತ್ತರಾದ ಮೇಲೆ ಎಚ್. ಸಿ. ಜವರಾಯರೂ, ಅನಂತರ ಎಂ. ಎಚ್. ಮರಿಗೌಡರೂ ಆ ಪರಂಪರೆಯನ್ನು ಬೆಳೆಸಿದರು. ಕರ್ನಾಟಕದ ಏಕೀಕರಣವಾದ 1956ರಲ್ಲಿಯೇ ಕ್ರುಂಬಿಗಲ್ ಬೆಂಗಳೂರಿನಲ್ಲಿ ತೀರಿಕೊಂಡರು. ಲಾಲ್‌ಬಾಗಿನ ಮಗ್ಗುಲಲ್ಲಿ ಅವರ ಹೆಸರಿನ ರಸ್ತೆಯಿದೆ. ವಡೋದರೆಯಿಂದ ಬೆಂಗಳೂರಿಗೆ ಹೋದ ಆ ದಾರಿಯಲ್ಲಿಯೇ ನಾವು ಹಿಂದುಮುಂದಾಗಿ ನಡೆದು ಬಂದವರು ಎಂದರೆ ತಪ್ಪಾಗಲಾರದು.

ಇನ್ನು ನನ್ನ ಬಳ್ಳಿಯ ಮಾತು. ತಂದೆಯವರು ತೀರಿಕೊಂಡ ಮೇಲೆ ಊರಿನ ಮನೆಯನ್ನು ಮಾರಬೇಕಾಯಿತು. ಅಮ್ಮ ನಮ್ಮೊಡನೆ ಇಲ್ಲಿಗೆ ಬಂದಳು. ಬರುವಾಗ ಬಾವಿಕಟ್ಟೆಯ ಬಳ್ಳಿಯ ಮೂರು ತುಂಡುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ರೈಲಿನಲ್ಲಿ ಮಡಿಲ ಮೇಲಿಟ್ಟುಕೊಂಡೇ ತಂದಳು. ಮೂರೂ ಚಿಗುರಿದವು. ಕಾರ್ಕಳದ ಮಳೆಯೆಲ್ಲಿ, ವರ್ಷಕ್ಕೆ ಸುಮಾರು 800 ಮಿಲಿಮೀಟರಿನ ಈ ಊರಿನ ಮಳೆಯೆಲ್ಲಿ! 2016ರ ಮೇ ತಿಂಗಳಲ್ಲಿ 48 ಡಿಗ್ರಿ ಮುಟ್ಟಿದ ಊರಿದು. ಕೊಡಗಿನಿಂದ ಗೆಳೆಯರೊಬ್ಬರು ತಂದುಕೊಟ್ಟಿದ್ದ ನೇರಿಳೆ ಜಾತಿಯ ಸಸಿ ಮೊದಲ ಬೇಸಗೆಯಲ್ಲಿಯೇ ಸುಟ್ಟುಹೋಯಿತು. ಅಮ್ಮನ ಹಳದಿ ಬಳ್ಳಿಗಳು ಮಾತ್ರ ಬುಡಕ್ಕೆ ಹೊದಿಸಿದ ಒಣಗಿದೆಲೆಯ ನೆರಳಿನಲ್ಲಿ ಉಳಿದು, ಮಳೆ ಮುಗಿದೊಡನೆ ಮಾಳಿಗೆಯ ತಂತಿಯ ತುಂಬ ಹೂಬಿಟ್ಟವು. ಮನೆಯವರೆಲ್ಲ ಸಂತೋಷಪಟ್ಟೆವು. ಆದರೆ ಹೂಗಳೆಲ್ಲ ಎರಡು ಮೂರು ದಿನಗಳಲ್ಲಿ ಉದುರಿದವು. ಒಂದು ಕಾಯಿಯೂ ನಿಲ್ಲಲಿಲ್ಲ. ಎರಡನೆಯ ವರ್ಷವೂ ಹಾಗೆಯೇ. ಗೊಬ್ಬರ ಹಾಕಿದೆವು, ನೀರು ಹೆಚ್ಚಿಸಿದೆವು, ಕಡಮೆ ಮಾಡಿದೆವು. ಕೊನೆಗೆ ಅಮ್ಮ, “ಬಿಡು ಮಗಾ, ಅದಕ್ಕೂ ಈ ಊರು ಹಿಡಿಸಲಿಲ್ಲ” ಎಂದಳು. ‘ಅದಕ್ಕೂ’ ಎಂಬ ಆ ಒಂದು ಮಾತು ನನ್ನ ಮನಸ್ಸಿಗೆ ನಾಟಿತು.

ತೋಟಗಾರಿಕೆ ಓದಿದ ನಮ್ಮವರೊಬ್ಬರು ಒಂದು ಭಾನುವಾರ ಮನೆಗೆ ಬಂದಾಗ ಬಳ್ಳಿಯನ್ನು ನೋಡಿ ಕೇಳಿದ್ದು ಒಂದೇ ಪ್ರಶ್ನೆ. “ಈ ಮೂರೂ ಒಂದೇ ಬಳ್ಳಿಯ ತುಂಡುಗಳೇನು?” ಹೌದೆಂದೆ. “ಹಾಗಾದರೆ ಇವು ಮೂರಲ್ಲ, ಒಂದೇ” ಎಂದರು ಅವರು.

ಅದರ ಮರ್ಮ ಹೀಗಿದೆ. ನೇರಿಳೆ ಜಾತಿ ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿಕಟ್ಟಬಲ್ಲುದು. ಹಳದಿ ಜಾತಿ ಹಾಗಲ್ಲ. ಅದು ತನ್ನ ಪರಾಗವನ್ನು ತಾನೇ ಒಲ್ಲದು. ತನ್ನ ತುಂಡಿನಿಂದ ಬೆಳೆದ ಬಳ್ಳಿಯ ಪರಾಗವೂ ಅದಕ್ಕೆ ತನ್ನದೇ. ಬೇರೆ ಬೀಜದಿಂದ ಹುಟ್ಟಿದ, ಬೇರೆ ಮನೆತನದ ಇನ್ನೊಂದು ಬಳ್ಳಿಯ ಪರಾಗ ಬೇಕು. ನಮ್ಮ ಕುಲದಲ್ಲಿ ಸಗೋತ್ರ ವಿವಾಹ ಕೂಡದಲ್ಲವೆ, ಅದರಂತೆ! ಊರಿನಲ್ಲಿ ಒಂದೇ ಬಳ್ಳಿಯಿದ್ದರೂ ಹೇಗೆ ಹಣ್ಣಾಗುತ್ತಿತ್ತು ಎಂದು ಅಮ್ಮ ಕೇಳಿದಳು. ಕೇಳಿದವಳಿಗೇ ಉತ್ತರ ಹೊಳೆಯಿತು. ಬೇಲಿಯಾಚೆ ನೆರೆಮನೆಯವರ ಬಳ್ಳಿಯಿದ್ದಿತು. ಆ ಮನೆಯವರೊಡನೆ ಗಡಿಯ ವಿಚಾರವಾಗಿ ನಮಗೆ ಬಹುಕಾಲ ಮಾತೇ ಇರಲಿಲ್ಲ. ಆದರೂ ಅಷ್ಟು ವರ್ಷಗಳ ನಮ್ಮ ಶರಬತ್ತೆಲ್ಲ ಅವರ ಬಳ್ಳಿಯ ಉಪಕಾರವೇ ಆಗಿದ್ದಿತು.

ಆ ಪರಾಗವನ್ನು ತರುವವರು ಯಾರು? ಅದು ಭಾರವಾದ, ಅಂಟುವ ಪರಾಗ, ಗಾಳಿಗೆ ಹಾರದು. ಸಣ್ಣ ಜೇನುನೊಣ ಬಂದು ಪರಾಗವನ್ನು ಒಯ್ಯುತ್ತದೆಯೇ ಹೊರತು ಎತ್ತರದಲ್ಲಿರುವ ಶಲಾಕೆಯ ತುದಿಯನ್ನು ಅದರ ಮೈ ಮುಟ್ಟುವುದು ಕಷ್ಟ. ಈ ಹೂವಿಗೆ ತಕ್ಕ ಅತಿಥಿಯೆಂದರೆ ಮರ ಕೊರೆಯುವ ದೊಡ್ಡ ಕಪ್ಪು ದುಂಬಿ, ಇಲ್ಲಿಯವರು ‘ಭಮರೊ’ ಎನ್ನುವುದು. ಅದು ಮಕರಂದಕ್ಕೆ ತಲೆಬಾಗಿದಾಗ ಬೆನ್ನಿಗೆ ಪರಾಗ ಅಂಟಿ, ಮುಂದಿನ ಹೂವಿನ ಶಲಾಕೆಗೆ ಬಳಿಯುತ್ತದೆ. ಒಣಮರದಲ್ಲಿ, ಬಿದಿರಿನಲ್ಲಿ ಅದರ ಮನೆ. ತೊಲೆಯನ್ನು ತೂತುಮಾಡುತ್ತದೆಂದು ನಾವೇ ಅದನ್ನು ಓಡಿಸುತ್ತೇವೆ, ಔಷಧಿ ಹೊಡೆಯುತ್ತೇವೆ. ಸಿಮೆಂಟಿನ ಬಡಾವಣೆಗಳಲ್ಲಿ ಅದಕ್ಕೆ ನೆಲೆಯೂ ಕಡಮೆ. ಮಾಳಿಗೆಯ ಮೂಲೆಯಲ್ಲಿ ಒಂದೆರಡು ಒಣ ಬಿದಿರಿನ ತುಂಡುಗಳನ್ನು ಕಟ್ಟಿಟ್ಟರೆ ಅದು ಬಂದು ನೆಲಸಬಹುದು.

ದುಂಬಿ ಬಾರದಿದ್ದರೆ ಕೈಯೇ ದುಂಬಿಯಾಗಬೇಕು. ಇದೇನೂ ಹೊಸ ವಿದ್ಯೆಯಲ್ಲ. ನಮ್ಮ ಮಲೆನಾಡಿಗರು ಬಲ್ಲ ವೆನಿಲ್ಲದ ಹೂವಿಗೆ ಕೈಯಿಂದ ಪರಾಗ ತಾಗಿಸುವ ಸುಲಭ ಉಪಾಯವನ್ನು 1841ರಲ್ಲಿ ಕಂಡುಹಿಡಿದವನು ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಬಾಲಕ. ಶರಬತ್ತಿನ ಹೂವಿನ ಕೆಲಸ ಅದಕ್ಕಿಂತಲೂ ಹಗುರ. ಆದರೆ ಹೊತ್ತು ತಿಳಿದಿರಬೇಕು. ನೇರಿಳೆ ಜಾತಿಯ ಹೂ ಬೆಳಗಿನ ಜಾವ ಅರಳಿ ಮಧ್ಯಾಹ್ನದೊಳಗೆ ಮುಚ್ಚುತ್ತದೆ. ಹಳದಿಯದು ನಡುಹಗಲಿಗೆ ಅರಳಿ ರಾತ್ರಿ ಒಂಬತ್ತು ಹತ್ತರ ಹೊತ್ತಿಗೆ ಮುಚ್ಚುತ್ತದೆ. ಒಂದು ಹೂವಿಗೆ ಒಂದೇ ದಿನದ ಆಯುಷ್ಯ. ಅರಳಿದಾಗ ಮೂರು ಶಲಾಕೆಗಳೂ ನೆಟ್ಟಗೆ ನಿಂತಿರುತ್ತವೆ. ಒಂದು ಒಂದೂವರೆ ಗಂಟೆಯಲ್ಲಿ ಅವು ಕೆಳಕ್ಕೆ ಬಾಗಿ ಪರಾಗಕೋಶಗಳ ಮಟ್ಟಕ್ಕೆ ಬರುತ್ತವೆ. ಆಗಲೇ ಸಮಯ. ಒಂದು ಬಳ್ಳಿಯ ಹೂವಿನ ಪರಾಗವನ್ನು ಮೆತ್ತನೆಯ ಕುಂಚದಿಂದಲೋ ಬೆರಳಿನಿಂದಲೋ ತೆಗೆದು ಇನ್ನೊಂದು ಬಳ್ಳಿಯ ಹೂವಿನ ಮೂರು ಶಲಾಕೆಗಳ ತುದಿಗೂ ಧಾರಾಳವಾಗಿ ಬಳಿಯಬೇಕು. ಜಿಪುಣತನ ಕೂಡದು. ಒಂದೊಂದು ಬೀಜಕ್ಕೂ ಒಂದೊಂದು ಪರಾಗಕಣ ಬೇಕು. ಬೀಜದ ಸುತ್ತಲಿನ ಚೀಲದಲ್ಲಿಯೇ ರಸವಿರುವುದರಿಂದ ಪರಾಗ ಕಡಮೆಯಾದರೆ ಹಣ್ಣು ಪೊಳ್ಳಾಗುತ್ತದೆ. ನೀರು ತಾಗಿದರೆ ಪರಾಗ ಒಡೆದು ಕೆಡುವುದರಿಂದ ಆ ಹೊತ್ತಿನಲ್ಲಿ ಬಳ್ಳಿಯ ಮೇಲೆ ನೀರು ಚಿಮುಕಿಸಬಾರದು.

ಬೇರೆ ಬಳ್ಳಿಗಾಗಿ ಬಹಳ ಹುಡುಕಬೇಕಾಗಲಿಲ್ಲ. ಸೂರತ್ತಿನ ನಮ್ಮ ಸದಸ್ಯರೊಬ್ಬರ ಮನೆಯಲ್ಲಿ ಶಿರಸಿಯ ಕಡೆಯ ಬೀಜದಿಂದ ಬೆಳೆದ ಹಳದಿ ಬಳ್ಳಿಯಿದ್ದಿತು. ಅದೂ ಒಂಟಿ, ಅದರಲ್ಲಿಯೂ ಹಣ್ಣಿಲ್ಲ. ಅವರಿಗೆ ನಮ್ಮ ತುಂಡು ಹೋಯಿತು, ನಮಗೆ ಅವರ ತುಂಡು ಬಂದಿತು. ಮುಂದಿನ ವರ್ಷ ಮಳೆ ಮುಗಿದ ಮೇಲೆ ದಿನವೂ ಮಧ್ಯಾಹ್ನ ಊಟವಾದೊಡನೆ ಅಮ್ಮ ಮೊಮ್ಮಗಳ ಚಿತ್ರದ ಕುಂಚವನ್ನು ಹಿಡಿದು ಮಾಳಿಗೆ ಹತ್ತುತ್ತಿದ್ದಳು. ನೆರೆಮನೆಯ ಬಾ ಕೂಡ ಕುತೂಹಲದಿಂದ ಜೊತೆಗೂಡಿದರು. ಒಬ್ಬರಿಗೆ ಗುಜರಾತಿ ಬಾರದು, ಇನ್ನೊಬ್ಬರಿಗೆ ಕನ್ನಡ ಬಾರದು. ಕೌರವ ಪಾಂಡವರನ್ನು ಎಣಿಸುತ್ತ ಇಬ್ಬರೂ ಕೆಲಸ ಮಾಡಿದರು. ಹನ್ನೊಂದು ಕಾಯಿ ನಿಂತಿತು. ಎರಡು ತಿಂಗಳು ಕಳೆದ ಮೇಲೆ ಡಿಸೆಂಬರಿನ ಒಂದು ಬೆಳಗ್ಗೆ ಮೊದಲ ಹಣ್ಣು ತಾನಾಗಿ ಕೆಳಕ್ಕೆ ಬಿದ್ದಿತು. ಈ ಹಣ್ಣನ್ನು ಕೀಳಬಾರದು, ಬಿದ್ದುದನ್ನು ಆಯಬೇಕು. ಅಂದು ಎರಡು ಮನೆಗೂ ಸೇರಿ ನಾಲ್ಕು ಲೋಟ ಶರಬತ್ತಾಯಿತು.

ಇದೇ ಬಗೆಯ ಕೆಲಸವನ್ನು ವಿಜ್ಞಾನಿಗಳು ದೊಡ್ಡ ಪ್ರಮಾಣದಲ್ಲಿ ಮಾಡಿದುದು ನಮ್ಮ ಕೊಡಗಿನಲ್ಲಿಯೇ. ನೇರಿಳೆಯದರಲ್ಲಿ ಪರಿಮಳವುಂಟು, ಆದರೆ ಬುಡಕೊಳೆಯುವ ರೋಗಕ್ಕೆ ಬೇಗ ತುತ್ತಾಗುತ್ತದೆ. ಹಳದಿಯದರಲ್ಲಿ ಗಾತ್ರವೂ ತಾಳಿಕೆಯೂ ಉಂಟು. ಒಂದು ಬೆಳಗ್ಗೆ ಅರಳುವ ಹೂ, ಇನ್ನೊಂದು ಮಧ್ಯಾಹ್ನ ಅರಳುವ ಹೂ. ಅವೆರಡು ತಾವಾಗಿ ಸಂಧಿಸುವುದು ಅಪರೂಪ. ಭಾರತೀಯ ತೋಟಗಾರಿಕಾ ಸಂಶೋಧನ ಸಂಸ್ಥೆಯ ಚೆಟ್ಟಳ್ಳಿ ಕೇಂದ್ರದಲ್ಲಿ ಈ ಎರಡನ್ನೂ ಕೂಡಿಸಿ ಒಂದು ಮಿಶ್ರತಳಿಯನ್ನು ಪಡೆದರು. ಬಣ್ಣ ನೇರಿಳೆ, ತೂಕ 85ರಿಂದ 110 ಗ್ರಾಂ, ರೋಗ ತಾಳುವ ಶಕ್ತಿ ಹೆಚ್ಚು. ಅದಕ್ಕೆ ಅವರಿಟ್ಟ ಹೆಸರು ‘ಕಾವೇರಿ’.

ಅಮ್ಮ ಈಗ ಬೀಜಗಳನ್ನು ಬೂದಿಯಲ್ಲಿ ಉಜ್ಜಿ ಒಣಗಿಸಿ ಸಸಿ ಮಾಡಿದ್ದಾಳೆ. ಕಾರ್ಕಳ ಶಿರಸಿಗಳೆರಡೂ ಅವುಗಳಲ್ಲಿವೆ. ಈ ಊರು ಹಿಡಿಸಲಿಲ್ಲವೆಂಬ ಮಾತನ್ನು ಅವಳು ಮತ್ತೆ ಆಡಿಲ್ಲ. ರಾಜ್ಯೋತ್ಸವದ ದಿನ ಸಭಾಂಗಣದ ಬಾಗಿಲಲ್ಲಿ ಸಸಿಗಳನ್ನು ಇಟ್ಟಿರುತ್ತೇವೆ. ಬೇಕಾದವರು ಸಂಕೋಚವಿಲ್ಲದೆ ಒಯ್ಯಬಹುದು. ಆದರೆ ಅಮ್ಮನದು ಒಂದು ನಿಬಂಧನೆಯುಂಟು. ಒಬ್ಬರು ಎರಡು ಸಸಿ ಒಯ್ಯಬೇಕು, ಒಂದನ್ನು ತಮ್ಮ ಮನೆಯಲ್ಲಿ ನೆಟ್ಟು ಇನ್ನೊಂದನ್ನು ನೆರೆಮನೆಯವರಿಗೆ ಕೊಡಬೇಕು.