ಕಹಾಲ್ ಕೋಶಗಳು

ಜಠರ ಮತ್ತು ಕರುಳಿನ ನಯಸ್ನಾಯುವಿಗೆ ಲಯ ಹಾಕಿಕೊಡುವ ಕೋಶಗಳು. ಸ್ನಾಯುಪದರಗಳ ನಡುವೆ ಬಲೆಯಂತೆ ಹೆಣೆದುಕೊಂಡಿರುತ್ತವೆ. ಇವನ್ನು ಮೊದಲು ವಿವರಿಸಿದ ಸ್ಪೇನಿನ ಸಾಂಟಿಯಾಗೊ ರಾಮೋನ್ ಇ ಕಹಾಲ್ (1852–1934) ಇವು ನರಕೋಶಗಳೆಂದೇ ಭಾವಿಸಿದ್ದರು. ಅಲ್ಲವೆಂಬುದು ಆಮೇಲೆ ತಿಳಿಯಿತು.

ಕೋಶದೊಳಗಿನ ಸಂಗ್ರಹದಿಂದ ಕ್ಯಾಲ್ಸಿಯಂ ಚಿಮ್ಮಿದೊಡನೆ ಪೊರೆಯಲ್ಲಿರುವ ಆನೋ-1 ಎಂಬ ಕ್ಲೋರೈಡ್ ನಾಳ ತೆರೆದು, ನಿಧಾನವಾದ ವಿದ್ಯುತ್ ಅಲೆ ಏಳುತ್ತದೆ. ಅಲೆ ಪಕ್ಕದ ಸ್ನಾಯುಕೋಶಕ್ಕೆ ಹರಿದು ಅಲ್ಲಿನ ಕ್ಯಾಲ್ಸಿಯಂ ದ್ವಾರಗಳನ್ನು ತೆರೆಸುತ್ತದೆ. ಒಳಬಂದ ಕ್ಯಾಲ್ಸಿಯಂ ಕ್ಯಾಲ್ಮಾಡ್ಯುಲಿನ್‌ಗೆ ಅಂಟಿ ಒಂದು ಕೈನೇಸ್ ಕಿಣ್ವವನ್ನು ಎಚ್ಚರಿಸುತ್ತದೆ. ಅದು ಮಯೋಸಿನ್‌ಗೆ ಫಾಸ್ಫೇಟ್ ಜೋಡಿಸಿದಾಗ ಸ್ನಾಯು ಬಿಗಿಯುತ್ತದೆ. ಮನುಷ್ಯನ ಜಠರದಲ್ಲಿ ನಿಮಿಷಕ್ಕೆ ಸುಮಾರು 3 ಅಲೆಗಳು, ಸಣ್ಣಕರುಳಿನ ಆರಂಭದಲ್ಲಿ ಸುಮಾರು 12. ಎಲ್ಲ ಅಲೆಗಳೂ ಬಲವಾದ ಸಂಕೋಚನವಾಗುವುದಿಲ್ಲ. ನರ, ಹಾರ್ಮೋನುಗಳ ಸಂಕೇತವೂ ಕೂಡಿಬರಬೇಕು.

ಈ ಕ್ಷೇತ್ರದ ದಿಕ್ಕನ್ನೇ ತಿರುಗಿಸಿದ್ದು 1992ರಲ್ಲಿ ಪ್ರಕಟವಾದ ಜಪಾನಿನ ಪ್ರಯೋಗ. ಎಳೆಯ ಇಲಿಗಳಲ್ಲಿ ಈ ಕೋಶಗಳ ಪೊರೆಯಲ್ಲಿರುವ ಕಿಟ್ ಎಂಬ ಗ್ರಾಹಕವನ್ನು ಪ್ರತಿಕಾಯದಿಂದ ತಡೆದಾಗ ಕರುಳಿನ ಲಯವೇ ಕೆಟ್ಟಿತು. ಕಹಾಲ್ ಕೋಶಗಳನ್ನು ಗುರುತಿಸಲು ಕಿಟ್ ನಂಬಿಕಸ್ತ ಗುರುತಾಯಿತು. ಇದೇ ಕಿಟ್ ವಂಶವಾಹಿಯ ರೂಪಾಂತರದಿಂದ ಜಠರ-ಕರುಳಿನ ಸ್ಟ್ರೋಮಲ್ ಗಡ್ಡೆ ಬೆಳೆಯಬಲ್ಲದೆಂದು 1998ರಲ್ಲಿ ತಿಳಿಯಿತು. ಈ ಗಡ್ಡೆಗೆ ಕೊಡುವ ಇಮ್ಯಾಟಿನಿಬ್ ಮಾತ್ರೆ ಕಿಟ್ಟನ್ನೇ ತಡೆಯುತ್ತದೆ. ಮಧುಮೇಹಿಗಳ ಜಠರ ಮಂದವಾಗಿ, ಊಟ ಗಂಟೆಗಟ್ಟಲೆ ಅಲ್ಲೇ ಉಳಿಯುವ ತೊಂದರೆಯಲ್ಲಿ ಈ ಕೋಶಗಳು ಕ್ಷೀಣಿಸಿರುವುದು ಅನೇಕರಲ್ಲಿ ಕಂಡುಬಂದಿದೆ.