ಮೇಕೆಯ ಮಾಂಸದ ತೂಕ: ಕಣ್ಣಳತೆ ಮತ್ತು ಲೆಕ್ಕಾಚಾರ

ಸಂತೆಯಲ್ಲಿ ಮೇಕೆಯ ವ್ಯಾಪಾರ ಬಹುಪಾಲು ಕಣ್ಣಳತೆಯ ಮೇಲೆಯೇ ನಡೆಯುತ್ತದೆ. ಅದು ಬಾಗಲಕೋಟೆ ಜಿಲ್ಲೆಯ ಅಮೀನಗಡದ ದೊಡ್ಡ ಸಂತೆಯಿರಲಿ, ಹಳ್ಳಿಯ ಹಟ್ಟಿಯ ಮುಂದಿನ ಮಾತುಕತೆಯಿರಲಿ, ಕೊಳ್ಳುವವನು ಬೆನ್ನ ಮೇಲೆ ಕೈಯಾಡಿಸಿ, ಸೊಂಟ ಹಿಡಿದು, ಒಮ್ಮೆ ಎತ್ತಿ ನೋಡಿ, ಇಷ್ಟು ಕಿಲೋ ಮಾಂಸ ಬಿದ್ದೀತೆಂದು ಮನಸ್ಸಿನಲ್ಲಿಯೇ ಲೆಕ್ಕ ಹಾಕುತ್ತಾನೆ. ದಿನಕ್ಕೆ ಹತ್ತಾರು ಮೇಕೆ ಕಡಿಯುವವನಿಗೆ ಈ ಅಂದಾಜು ತಪ್ಪುವುದು ಅಪರೂಪ. ವರ್ಷಕ್ಕೆ ನಾಲ್ಕು ಮರಿ ಮಾರುವ ರೈತನಿಗೆ ಆ ಅನುಭವವಿಲ್ಲ. ನಷ್ಟ ಸಂಭವಿಸುವುದು ಇಲ್ಲಿಯೇ.

2019ರ ಜಾನುವಾರು ಗಣತಿಯಂತೆ ದೇಶದಲ್ಲಿದ್ದ ಮೇಕೆಗಳ ಸಂಖ್ಯೆ 14.88 ಕೋಟಿ, ಕರ್ನಾಟಕದ ಪಾಲು 61 ಲಕ್ಷಕ್ಕೂ ಹೆಚ್ಚು. ದಕ್ಷಿಣ ಕರ್ನಾಟಕದ ನಂದಿದುರ್ಗ ಹಾಗೂ ಬೀದರ್ ಸೀಮೆಯ ಬಿದ್ರಿ ನೋಂದಾಯಿತ ತಳಿಗಳು. ಮಹಾರಾಷ್ಟ್ರ ಮೂಲದ ಉಸ್ಮಾನಾಬಾದಿಯೂ ರಾಜ್ಯದಲ್ಲಿ ಸಾಕಣೆಯಲ್ಲಿದೆ. ಇವುಗಳ ಜೊತೆಗೆ ಯಾವ ತಳಿಗೂ ಸೇರದ ನಾಟಿ ಮೇಕೆಗಳೂ ಹೇರಳ.

ತೊಗಲು, ತಲೆ, ಕಾಲು, ಬೋಟಿ ಮೊದಲಾದವನ್ನು ತೆಗೆದ ಮೇಲೆ ಮೂಳೆಸಹಿತ ಉಳಿಯುವ ದೇಹಕ್ಕೆ ಪಶುವಿಜ್ಞಾನದಲ್ಲಿ ಕಳೇಬರ ಎನ್ನುತ್ತಾರೆ. ಜೀವಂತ ತೂಕದಲ್ಲಿ ಅದರ ಪ್ರಮಾಣವೇ ಮಾಂಸದ ಇಳುವರಿ. ನಮ್ಮ ಮೇಕೆಗಳಲ್ಲಿ ಇದು ಸಾಮಾನ್ಯವಾಗಿ ಶೇ. 40ರಿಂದ 50ರವರೆಗೆ ಇರುತ್ತದೆ.

ತಕ್ಕಡಿಯಿಲ್ಲದಿದ್ದಲ್ಲಿ ಜೀವಂತ ತೂಕ ತಿಳಿಯಲು ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂಬದಿಯಲ್ಲಿ ಎದೆಯ ಸುತ್ತಳತೆಯನ್ನೂ, ಭುಜದ ತುದಿಯಿಂದ ಪೃಷ್ಠದ ಮೂಳೆಯವರೆಗಿನ ಉದ್ದವನ್ನೂ ಸೆಂಟಿಮೀಟರಿನಲ್ಲಿ ಅಳೆಯಬೇಕು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 10,840ರಿಂದ ಭಾಗಿಸಿದರೆ ಕಿಲೋಗಳಲ್ಲಿ ತೂಕ ದೊರೆಯುತ್ತದೆ. ಸುತ್ತಳತೆ 70, ಉದ್ದ 60 ಇರುವ ಮೇಕೆ ಸುಮಾರು 27 ಕಿಲೋ ತೂಗುತ್ತದೆ. ಇಳುವರಿ ಶೇ. 45 ಎಂದರೆ ಮಾಂಸ 12 ಕಿಲೋಗೆ ತುಸು ಹೆಚ್ಚು. ಕಣ್ಣಳತೆಯಲ್ಲಿ 3 ಕಿಲೋ ಕಡಿಮೆ ಅಂದಾಜಿಸಿದರೆ ಮಾಂಸದ ಲೆಕ್ಕದಲ್ಲಿ 1.35 ಕಿಲೋ ಹೋಯಿತು. ಕಿಲೋಗೆ 700 ರೂಪಾಯಿ ಎಂದಿಟ್ಟುಕೊಂಡರೆ ಒಂದೇ ಮೇಕೆಯಲ್ಲಿ 945 ರೂಪಾಯಿ!

ಆದರೆ ಸೂತ್ರವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಒಂದು ತಳಿಗೆ ಹೊಂದುವ ಸಮೀಕರಣ ಮತ್ತೊಂದಕ್ಕೆ ಹೊಂದದು. ಗಬ್ಬದ ಮೇಕೆಗಂತೂ ಅನ್ವಯಿಸುವುದೇ ಇಲ್ಲ. ತನ್ನ ಹಿಂಡಿನ ಇಪ್ಪತ್ತು ಮೂವತ್ತು ಮೇಕೆಗಳನ್ನು ಅಳೆದು, ನಿಜವಾಗಿಯೂ ತೂಗಿ, ವ್ಯತ್ಯಾಸ ಎಷ್ಟೆಂದು ಗುರುತು ಹಾಕಿಕೊಳ್ಳುವುದು ವಿವೇಕದ ಮಾರ್ಗ. ಎರಡು ಅಳತೆಗಳ ಪೈಕಿ ತೂಕಕ್ಕೆ ಹೆಚ್ಚು ಹತ್ತಿರದ ಸಂಬಂಧವುಳ್ಳದ್ದು ಎದೆಯ ಸುತ್ತಳತೆಯೇ.

ಎಲ್ಲಕ್ಕಿಂತ ದೊಡ್ಡ ಗೊಂದಲ ಹೊಟ್ಟೆಯದು. ಮೇಯ್ದು ನೀರು ಕುಡಿದ ಮೇಕೆಯ ತೂಕದಲ್ಲಿ ಜೀರ್ಣಾಂಗದೊಳಗಿನ ಮೇವು ನೀರಿನದೇ ಗಣನೀಯ ಪಾಲು. ಮೇಲಿನ 27 ಕಿಲೋ ಮೇಕೆ ರಾತ್ರಿ ಉಪವಾಸವಿದ್ದು ಬೆಳಿಗ್ಗೆ 24.5 ಕಿಲೋ ತೂಗಿತೆನ್ನೋಣ. ಮಾಂಸ ಅದೇ 12 ಕಿಲೋ. ಇಳುವರಿ ಮಾತ್ರ ಶೇ. 45ರಿಂದ 50ಕ್ಕೆ ಏರಿದಂತೆ ಕಾಣುತ್ತದೆ. ಆದುದರಿಂದ ಯಾವಾಗ ತೂಗಿದ್ದೆಂದು ಹೇಳದ ಇಳುವರಿಯ ಅಂಕಿಗೆ ಬೆಲೆಯಿಲ್ಲ. ಸಂತೆಗೆ ಮುನ್ನ ಉಪ್ಪು ತಿನ್ನಿಸಿ ನೀರು ಕುಡಿಸುವ ಜಾಣತನವೂ ಉಂಟು. ಅನುಭವಿ ವ್ಯಾಪಾರಿ ಊದಿದ ಹೊಟ್ಟೆ ನೋಡಿದೊಡನೆ ಬೆಲೆ ಇಳಿಸುತ್ತಾನೆ. ಹಾಗೆ ಮಾಡದ ಪ್ರಾಮಾಣಿಕ ರೈತನೂ ಆ ಸಂಶಯಕ್ಕೆ ದಂಡ ತೆರುತ್ತಾನೆ.

ಗುಣಮಟ್ಟದ ಅಂದಾಜು ಇನ್ನೂ ಕಠಿಣ. ಕುರಿಯಲ್ಲಿ ಚರ್ಮದಡಿ ಕೊಬ್ಬು ಕಟ್ಟುವಷ್ಟು ಮೇಕೆಯಲ್ಲಿ ಕಟ್ಟುವುದಿಲ್ಲ. ಇದರ ಕೊಬ್ಬು ಹೆಚ್ಚಾಗಿ ಕರುಳು, ಮೂತ್ರಪಿಂಡಗಳ ಸುತ್ತ ಸಂಗ್ರಹವಾಗುತ್ತದೆ. ಹೀಗಾಗಿ ಸೊಂಟವನ್ನಷ್ಟೇ ಮುಟ್ಟಿ ನಿರ್ಧರಿಸುವಂತಿಲ್ಲ, ಎದೆಮೂಳೆಯ ಮೇಲಿನ ಭಾಗವನ್ನೂ ಒತ್ತಿ ನೋಡಬೇಕು. ವಯಸ್ಸಿಗೆ ಹಲ್ಲು ಸಾಕ್ಷಿ: ಹಾಲುಹಲ್ಲು ಮಾತ್ರವಿದ್ದರೆ ಎಳೆಯದು, ಎರಡು ದೊಡ್ಡ ಹಲ್ಲು ಬಂದಿದ್ದರೆ ಒಂದು, ಒಂದೂವರೆ ವರ್ಷದ್ದು. ವಯಸ್ಸು ಏರಿದಂತೆ ಮಾಂಸ ಬಿರುಸಾಗುತ್ತದೆ. ಬೀಜ ಒಡೆಯದ ಬಲಿತ ಹೋತದ ಮಾಂಸಕ್ಕೆ ಗಡಸು ವಾಸನೆಯಿರುತ್ತದೆ. ಬೀಜ ಒಡೆದದ್ದರಲ್ಲಿ ಕೊಬ್ಬು ಹೆಚ್ಚು.

ಜೀವಂತವಿದ್ದಾಗ ಕಾಣಿಸದ ಅಂಶವೂ ಒಂದಿದೆ. ಮೇಕೆ ಬೇಗ ಬೆದರುವ ಪ್ರಾಣಿ. ಇಕ್ಕಟ್ಟಾದ ವಾಹನದಲ್ಲಿ ದೂರ ಸಾಗಿಸಿ ತಕ್ಷಣ ಕಡಿದರೆ ಸ್ನಾಯುಗಳಲ್ಲಿನ ಶಕ್ತಿಯ ಸಂಗ್ರಹ ಅಷ್ಟರಲ್ಲಿ ಬರಿದಾಗಿರುತ್ತದೆ. ಮಾಂಸದ ಆಮ್ಲೀಯತೆಯ ಸೂಚ್ಯಂಕ ಸಹಜವಾಗಿ 5.5–5.8ಕ್ಕೆ ಇಳಿಯಬೇಕು, ದಣಿದ ಪ್ರಾಣಿಯಲ್ಲಿ ಅದು 6ರ ಮೇಲೆಯೇ ಉಳಿಯಬಹುದು. ಅಂಥ ಮಾಂಸ ಕಪ್ಪಾಗಿ, ಬಿರುಸಾಗಿ, ಬೇಗ ಕೆಡುತ್ತದೆ. ಗ್ರಾಹಕ ದೂರುವುದು ಮಾತ್ರ ತಳಿಯನ್ನು.

ಈ ಲೆಕ್ಕಾಚಾರಗಳೆಲ್ಲ ಬದಿಗೆ ಸರಿಯುವುದು ಬಕ್ರೀದ್ ಸಮಯದಲ್ಲಿ. ಆಗ ಬೆಲೆ ಕಟ್ಟುವುದು ಮಾಂಸಕ್ಕಲ್ಲ. ಊನವಿಲ್ಲದ ಅಂಗಾಂಗ, ಕೊಂಬು, ಬಣ್ಣ, ಎತ್ತರಕ್ಕೆ. ಎರಡು ಹಲ್ಲು ಬಂದ ಮೈದುಂಬಿದ ಹೋತಗಳನ್ನು ಆ ಹಬ್ಬಕ್ಕೆಂದೇ ಕಾದಿರಿಸುವ ಸಾಕಣೆದಾರರು ಟೇಪನ್ನು ಮನೆಯಲ್ಲಿಯೇ ಬಿಟ್ಟು ಹೋಗುತ್ತಾರೆ.